ಪಾರ್ಕಿಗೆ ಬೀಗ ಹಾಕಿಸಿದವರು ಯಾರು?

ತೊರೆಯ ಪಕ್ಕದ ಪಾರ್ಕಿನ ಗೇಟಿಗೆ ಬೀಗ ಬಿದ್ದಿತ್ತು. ಒಳಗೆಲ್ಲ ಮೊಣಕಾಲುದ್ದ ಕೊಳಕು ನೀರು, ಮೂಗು ಮುಚ್ಚದೆ ನಿಲ್ಲುವಂತಿಲ್ಲ. ಹೊಲಿಗೆ ಅಂಗಡಿಯ ಟೈಲರಕ್ಕನ ಪಿತ್ತ ನೆತ್ತಿಗೇರಿತು. ಎದೆನೋವಿನಿಂದ ಚೇತರಿಸಿಕೊಂಡ ಅವಳ ಮಾವನವರು ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರು. ಲಾರಿಗಳ ಕಾಟವಿಲ್ಲದೆ ನೆರಳಲ್ಲಿ ನಡೆಯಲು ಆ ಬಡಾವಣೆಯಲ್ಲಿ ಇದ್ದದ್ದು ಅದೊಂದೇ ಜಾಗ.

“ನಗರಸಭೆಯೋರು ತೊರೆ ಮುಚ್ಚಿ, ಪಾರ್ಕ್ ಅಗೆದು, ಗಾಡಿ ನಿಲ್ಸೋ ಜಾಗ ಮಾಡ್ತಾರಂತೆ. ನಾಳೆ ಸಭೆ ಇದೆ,” ಎಂದಳು ಪಕ್ಕದ ಮನೆಯ ನರ್ಸಮ್ಮ.

“ಅವರ ತಲೆ! ನಮ್ಮ ಮಾವ ಎಲ್ಲಿ ನಡೀಬೇಕು, ಗಾಡಿಗಳ ಮೇಲಾ?”

“ಮಳೆ ನೀರು ಹರಡೋಕೆ ಪಾರ್ಕ್ ಇತ್ತು, ನಮ್ಮನೆಗಳು ಉಳ್ಕೊಂಡ್ವು. ಸಿಮೆಂಟ್ ಹಾಕಿದ್ರೆ ಇದೇ ನೀರು ನಮ್ಮ ಮಂಚದ ಕೆಳಗೆ ಬರುತ್ತೆ. ಬಾ, ಸೇತುವೆ ಕೆಳಗಿನ ಜಾಲರೀಲಿ ಕಸ ಕಟ್ಕೊಂಡು ತೊರೆ ನೀರು ಪಾರ್ಕಿಗೆ ನುಗ್ಗಿದೆ, ಬಿಡಿಸೋಣ.”

“ನಾನ್ಯಾಕೆ? ಕಂಡೋರ ಹೊಲಸು ಬಳಿಯೋಕಾ? ಹಾಕಿದೋರೇ ಬಂದು ತೆಗೀಲಿ!”

ಆದರೂ ಮಾವನವರು ಹೊರಟು ನಿಂತದ್ದು ನೋಡಿ ಅವಳೂ ಹೋದಳು. ನರ್ಸಮ್ಮ ಜಾಲರಿಗೆ ಕೊಕ್ಕೆ ಹಾಕಿ ಎಳೆದಳು. ಬಂದದ್ದು ಬಟ್ಟೆ ಚೂರುಗಳ ಗಂಟು. ಅದರ ಹಿಂದೆ ಇನ್ನೊಂದು, ಮತ್ತೊಂದು.

“ಯಾವ ದರಿದ್ರದೋರ ಕೆಲಸ ಇದು?” ಎಂದು ಟೈಲರಕ್ಕ ಕೂಗಾಡಿದಳು.

ಮಾವನವರು ಗಂಟನ್ನು ತಿರುಗಿಸಿ ನೋಡಿದರು. ಅವರೂ ಹಳೆಯ ದರ್ಜಿಯೇ. “ಶಾಲೆ ಯೂನಿಫಾರ್ಮಿನ ನೀಲಿ ಬಟ್ಟೆ. ಬಟ್ಟೆಯಂಚಿನ ಪಟ್ಟೀನ ಎರಡು ಸುತ್ತು ಸುತ್ತಿ ಹಾಕಿರೋ ಗಂಟು. ಇದನ್ನ ನಿಂಗೆ ಕಲಿಸಿದ್ದು ನಾನೇ ತಾಯಿ.”

ಟೈಲರಕ್ಕ ಗಂಟನ್ನು ತನ್ನ ಕೈಗೆ ತೆಗೆದುಕೊಂಡಳು. ಅಂಗಡಿ ಮುಚ್ಚಿ ಬರುವಾಗ ಚೂರುಗಳು ಚೆಲ್ಲದಂತೆ ಬಿಗಿಯಾಗಿ ಕಟ್ಟಿ ಸೇತುವೆಯಿಂದ ಎಸೆಯುವುದು ಅವಳ ರೂಢಿ. ಬಟ್ಟೆ ತಾನೇ, ನೀರಲ್ಲಿ ಹೋಗುತ್ತೆ ಅಂದುಕೊಂಡಿದ್ದಳು. ಆ ಪಾಲಿಯೆಸ್ಟರ್ ಬಟ್ಟೆ ಕೊಳೆಯುವುದೂ ಇಲ್ಲ, ಅವಳು ಹಾಕಿದ ಗಂಟು ಬಿಚ್ಚುವುದೂ ಇಲ್ಲ.

ಮರುದಿನ ಸಭೆಯಲ್ಲಿ ಅವಳು ಆ ಒದ್ದೆ ಗಂಟನ್ನು ಅಧಿಕಾರಿಗಳ ಮೇಜಿನ ಮೇಲೇ ಕುಕ್ಕಿದಳು.

“ಎಸೆದೋಳು ನಾನು. ಜಾಲರಿ ಕಡೆ ತಿರುಗಿಯೂ ನೋಡದೋರು ನೀವು. ತಪ್ಪು ನಮ್ಮದು, ಶಿಕ್ಷೆ ಪಾರ್ಕಿಗಾ? ನಾಳೆಯಿಂದ ನನ್ನ ಚೂರು ಕಸದ ಗಾಡಿಗೆ ಹೋಗುತ್ತೆ. ನೀವು ಜಾಲರಿ ನೋಡ್ಕೊಳ್ಳಿ, ಬೀಗ ತೆಗೀರಿ!”

ಸಭೆಯಲ್ಲಿದ್ದವರೆಲ್ಲ ಅವಳ ಜೊತೆ ಎದ್ದು ನಿಂತರು. ಸಿಮೆಂಟಿನ ಮಾತು ಅಲ್ಲಿಗೇ ನಿಂತಿತು. ಜಾಲರಿ ಶುಚಿಯಾಗಿ ನೀರು ಇಳಿಯಿತು, ವಾರದೊಳಗೆ ಗೇಟು ತೆರೆಯಿತು. ಮೊದಲು ಒಳಗೆ ಕಾಲಿಟ್ಟವರು ಮಾವನವರು.

ನಿಮ್ಮ ಮನೆಯ ಹತ್ತಿರವೂ ಒಂದು ತೊರೆ, ಒಂದಿಷ್ಟು ನೆರಳು ಇದ್ದೀತು. ಅದನ್ನು ಮುಚ್ಚಲು ಬಂದವರ ಮೇಲೆ ಸಿಟ್ಟು ಮಾಡಿ, ಮಾಡಲೇಬೇಕು. ಸಭೆಗೆ ಹೋಗಿ, ಗಟ್ಟಿಯಾಗಿ ಕೇಳಿ. ಹೋಗುವ ಮೊದಲು ನಿಮ್ಮ ಕೈಯಲ್ಲಿರುವ ಗಂಟನ್ನು ಕಸದ ಗಾಡಿಗೆ ಹಾಕಿ ಹೋಗಿ.