ಬರೀ ಹೊಟ್ಟೆ, ಕಾಫಿ ಮಾತ್ರ

"ಬುದ್ಧಿ ಗಿದ್ಧಿ ಅದಾ ಅವ್ವ ನಿಂಗೆ? ಏನೂ ಕೊಡ್ಬ್ಯಾಡ, ಏನೂ ಕೊಡ್ಬ್ಯಾಡ ಅಂತ ನಿನ್ನೆಯಿಂದ ಬಡ್ಕತಿವ್ನಿ!"

"ಏನ್ಲಾ ಕೊಟ್ಟೆ ನಾನು? ಬರೀ ಹೊಟ್ಟೇಲೇ ಕರ್ಕಂಡ್ ಬಂದಿವ್ನಿ."

"ಕಾಫಿ ಕೊಟ್ಟೆ ಅಂತ ಈಗ ತಾನೆ ಸಿಸ್ಟರಿಗೆ ಹೇಳ್ದಲ್ಲ!"

"ಕಾಫಿ ಏನು ಊಟನೇನ್ಲಾ?"

1

ಇಲ್ಲಿಂದ ಶುರು ಮಾಡಬಹುದೇ? ರಸ್ತೆಯಲ್ಲಿ ಜಗಳವಾದರೆ ಜನ ಸೈಕಲ್ಲು ನಿಲ್ಲಿಸಿ ನೋಡುತ್ತಾರೆ, ನೀವೂ ನಿಂತಿದ್ದೀರಿ. ಆದರೆ ಯಾರು, ಎಲ್ಲಿ ಎಂದು ಹೇಳದಿದ್ದರೆ ಹೊರಟುಬಿಡುತ್ತೀರಿ. ಇರಿ, ಹೇಳುತ್ತೇನೆ. ಕೂಗಾಡುತ್ತಿರುವವನು ನಾನು. ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. (ಬೇರೆ ಊರಲ್ಲಿ ರೈಟರ್ ಎಂದರೆ ಕಥೆ ಬರೆಯುವವನಂತೆ. ನಮ್ಮಲ್ಲಿ ಹಣ್ಣು ಕೀಳುವ ಪಿಕಿಂಗಿಗೆ ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆಯುವವನು. ಈಗ ಆ ಇನ್ನೊಂದು ಕೆಲಸಕ್ಕೂ ಕೈ ಹಾಕಿದ್ದೇನೆ. ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ಪದ್ಮಯ್ಯ ಮೇಷ್ಟ್ರನ್ನು ಬೈಯಿರಿ.) ಬೈಸಿಕೊಳ್ಳುತ್ತಿರುವವಳು ನನ್ನ ಅವ್ವ ಕಾಳಮ್ಮ. ಜಾಗ: ಆಪರೇಷನ್ ಥಿಯೇಟರಿನ ಹೊರಗಿನ ಬೆಂಚು. ಬೆಂಚಿನ ಮೇಲೆ ನನ್ನ ಹೆಂಡತಿ ಉಷಾರಾಣಿ, ಆರು ವರ್ಷದ ಮುದ್ದಿ, ನಾಲ್ಕು ವರ್ಷದ ಮಲ್ಲ. ಮಕ್ಕಳಿಬ್ಬರಿಗೂ ಟಾನ್ಸಿಲ್ಸ್ ತೆಗೆಯಬೇಕು. ಇಬ್ಬರೂ ಒಟ್ಟಿಗೆ ಗೊರಕೆ ಹೊಡೆದರೆ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ನೇ ವಾಸಿ.

2

ಮೊದಲ ಡ್ರಾಫ್ಟ್ ಹೀಗಿತ್ತು:

ನರೆಗೂದಲಿನ ಮುಗ್ಧ ಮುದುಕಿ ಕಾಳಮ್ಮ, ಮೊಮ್ಮಗನ ಹಸಿವನ್ನು ನೋಡಲಾರದೆ, ನಡುಗುವ ಕೈಗಳಿಂದ ಬೆಲ್ಲದ ಕಾಫಿಯ ಲೋಟವನ್ನು...

"ನಿಲ್ಸ್ಲಾ" ಎಂದಳು ಅವ್ವ, ಕಥೆಯೊಳಗಿಂದಲೇ. "ನರೆ ಎಲ್ಲದೆ? ಮೊನ್ನೆ ತಾನೆ ಡೈ ಹಾಕಿಸ್ಕಂಡಿವ್ನಿ. ಕೈ ಯಾವಾಗ ನಡುಗ್ತು? ನಿಂಗೆ ಎರಡು ಬಿಡಕ್ಕೆ ಇನ್ನೂ ಗಟ್ಟಿಯಾಗೇ ಅದೆ."

"ಅವ್ವ, ಇದು ಕಥೆ."

"ಕಥೇಲಾದ್ರೂ ನಿಜ ಬರಿ. ಐದು ಗಂಟೆಗೆ ಎರಡೇ ಗುಟುಕು ಕೊಟ್ಟೆ. ಹಾಲು ಹಾಕಿಲ್ಲ. ಕಾಫಿ ಕುಡೀದೆ ಬೆಳಗಾಯ್ತದಾ ಯಾರಿಗಾದ್ರೂ?"

ಆ ಡ್ರಾಫ್ಟ್ ಹರಿದೆ. ಆದರೂ ಅವ್ವನ ಪರವಾಗಿ ಒಂದು ಮಾತು. ನಮ್ಮ ಕಡೆ ಬರೀ ಹೊಟ್ಟೆ ಎಂದರೆ ಕಾಫಿ ಮಾತ್ರ ಕುಡಿದ ಹೊಟ್ಟೆ. ಕಾಫಿಯೂ ಇಲ್ಲದ ಹೊಟ್ಟೆಗೆ ಹೆಸರೇ ಇಲ್ಲ. ಅಂಥದ್ದನ್ನು ಯಾರೂ ನೋಡಿಲ್ಲ. ರಕ್ತ ಪರೀಕ್ಷೆಗೆ ಬರೀ ಹೊಟ್ಟೆಯಲ್ಲಿ ಬನ್ನಿ ಎಂದರೆ ಕಾಫಿ ಕುಡಿದು ಹೋಗುವವರು ನಾವು. ಆದ್ದರಿಂದ ತಪ್ಪು ಅವ್ವನದಲ್ಲ, ಭಾಷೆಯದು. (ಎಂಥಾ ವಾಕ್ಯ ಬಂತು ನೋಡಿ. ಸಿಟ್ಟು ಇಳಿದಾಗ ನಾನೂ ಪರವಾಗಿಲ್ಲ.)

3

ಸಿಸ್ಟರ್ ಹೋಗಿ ಅರಿವಳಿಕೆ ಕೊಡುವ ಡಾಕ್ಟರಮ್ಮನನ್ನು ಕರೆತಂದರು.

"ಅಜ್ಜಿ, ಹಾಲು ಹಾಕಿದ್ರಾ?"

"ಇಲ್ಲ ತಾಯಿ, ನಿಮ್ಮಾಣೆಗೂ ಕಪ್ಪು ಕಾಫಿ. ಐದು ಗಂಟೇಲಿ."

ಆಗ ಒಂಬತ್ತು. "ಕಪ್ಪು ಕಾಫಿ ನೀರಿದ್ದ ಹಾಗೆ, ಇಷ್ಟೊತ್ತಿಗೆ ಇಳಿದಿರುತ್ತೆ. ಹಾಲು, ಬಿಸ್ಕೆಟ್ಟು, ಬನ್ನು ಏನಾದ್ರೂ ಇದ್ರೆ ಮಾತ್ರ ಮಾಡಲ್ಲ. ನಿದ್ದೆ ಬರಿಸಿದ ಮೇಲೆ ವಾಂತಿ ಬಂದು ಶ್ವಾಸಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಅಂಥದ್ದೇನೂ ಕೊಟ್ಟಿಲ್ಲ ತಾನೆ?"

"ಇಲ್ಲ" ಎಂದಳು ಅವ್ವ. "ಇಲ್ಲ ಮೇಡಂ" ಎಂದಳು ಉಷಾರಾಣಿ. ನಾನು ಕೆಮ್ಮಿದೆ.

"ಸರಿ. ಹತ್ತಕ್ಕೆ ಚಿಕ್ಕವನನ್ನ ಮೊದಲು ತಗೊಳ್ಳೋಣ."

(ಮುದ್ದಿ ಇಲ್ಲಿ ಏನೋ ಹೇಳಲು ಹೋದಳು. ಕಥೆಗೆ ಬೇಡವೆಂದು ತೆಗೆದಿದ್ದೇನೆ.)

3, ಮತ್ತೆ

ಉಷಾರಾಣಿ ಇಲ್ಲಿಯವರೆಗೆ ಓದಿ ನೋಟ್‌ಬುಕ್ಕನ್ನು ನನ್ನ ಮೂಗಿಗೆ ಹಿಡಿದಳು.

"ಏನ್ರೀ ತೆಗ್ದಿದೀರ ಇಲ್ಲಿ?"

"ಕಥೆಯ ಓಟಕ್ಕೆ ಅಡ್ಡ ಬರ್ತದೆ ಅಂತ..."

"ಓಟವಂತೆ ಓಟ. ಹಾಕ್ರೀ ಮೊದ್ಲು."

ಹಾಕುತ್ತೇನೆ. ಬೆಳಿಗ್ಗೆ ಏಳು ಗಂಟೆಗೆ ಅವ್ವ, ಉಷಾರಾಣಿ ಚೀಟಿ ಮಾಡಿಸಲು ಒಳಗೆ ಹೋಗಿದ್ದರು. ಮಲ್ಲ ಆಸ್ಪತ್ರೆಯ ಎದುರಿನ ಶಾಂತಪ್ಪನ ಕ್ಯಾಂಟೀನಿನ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಗದರಿದೆ. ನಿಲ್ಲಿಸಲಿಲ್ಲ. ಹೊಡೆಯಲು ಕೈ ಎತ್ತಿದೆ. ಎತ್ತಿದ ಕೈ, ಮುಂದೇನು ಮಾಡಬೇಕೋ ತಿಳಿಯದೆ, ಶಾಂತಪ್ಪನಿಗೆ ಸನ್ನೆ ಮಾಡಿತು. ಅರ್ಧ ಲೋಟ ಕಾಫಿ, ಗಟ್ಟಿ ಹಾಲಿನದು. ಒಂದು ಬನ್ನು. (ಸರಿ, ಒಂದೂವರೆ.) ಕೊಯ್ಯುವುದು ಗಂಟಲು, ಹೊಟ್ಟೆಗೇನು ಸಂಬಂಧ ಎಂದುಕೊಂಡೆ. "ಡಾಕ್ಟ್ರು ಬೈತಾರೆ ಅಪ್ಪ" ಎಂದಳು ಮುದ್ದಿ. "ಬಾಯ್ ಮುಚ್ಕೊಂಡ್ ಇರು" ಎಂದೆ.

ಅವ್ವ ತಾನಾಗಿ ಕಾಫಿಯ ವಿಷಯ ಎತ್ತಿದಾಗ ನನಗೆ ಹೋದ ಜೀವ ಬಂತು. ಅವಳ ಎರಡು ಗುಟುಕಿನ ಮರೆಯಲ್ಲಿ ನನ್ನ ಒಂದೂವರೆ ಬನ್ನು ದಾಟಿಹೋಗುತ್ತದೆ. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು. ಡಾಕ್ಟರಮ್ಮ ಅವ್ವನನ್ನು ಪಾಸು ಮಾಡಿಬಿಡುತ್ತಾರೆಂದು ಯಾರಿಗೆ ಗೊತ್ತಿತ್ತು?

ಅಂತ್ಯ ಒಂದು

ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, "ಡಾಕ್ಟರೇ, ತಪ್ಪು ನನ್ನದು" ಎನ್ನುತ್ತೇನೆ. ಎಲ್ಲರ ಕಣ್ಣಲ್ಲೂ ನೀರು. ("ಯಾರ ಕಣ್ಣಲ್ಲಿ?" - ಉಷಾರಾಣಿ.)

ಅಂತ್ಯ ಎರಡು

ಮಲ್ಲ ತಾನೇ ವಾಂತಿ ಮಾಡಿಕೊಳ್ಳುತ್ತಾನೆ. ಬನ್ನೇ ಬಂದು ಸಾಕ್ಷಿ ಹೇಳುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ಇದನ್ನು ನಂಬಿ ಮುಕ್ಕಾಲು ಗಂಟೆ ಅವನ ಮುಖ ನೋಡುತ್ತಾ ಕೂತೆ. ಪಾಪಿ, ಒಂದು ತೇಗೂ ಬಿಡಲಿಲ್ಲ.

ಆದದ್ದು

ಹಸಿರು ಗೌನು ಮಲ್ಲನ ಕಾಲಿನಿಂದಾಚೆಗೂ ನೆಲ ಗುಡಿಸುತ್ತಿತ್ತು. ಅವನ ಮುಷ್ಟಿಯಲ್ಲಿ ಅವ್ವನ ಸೆರಗು. ಅಜ್ಜಿ ಬಾಗಿಲವರೆಗೂ ಬಂದರೆ ಮಾತ್ರ ಒಳಗೆ ಹೋಗುತ್ತೇನೆಂದು ಹಟ. ಅವ್ವ ಕಿವಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದಳು. ಸಿಸ್ಟರ್ ಟ್ರಾಲಿ ತಂದು, ಅವನನ್ನು ಎತ್ತಿ ಕೂರಿಸಿ, ತಳ್ಳಿದರು. ಚಕ್ರ ಒಂದು ಸುತ್ತು ತಿರುಗಿತು. ನನ್ನ ಬಾಯಿ ತೆರೆಯಿತು. ತಪ್ಪೊಪ್ಪಿಗೆ ಬರುತ್ತದೆ ಎಂದುಕೊಂಡೆ. ಬಂದದ್ದು ಸಿಟ್ಟು.

"ನಿಲ್ಸ್ರೀ ಸಿಸ್ಟರ್! ಬನ್ ತಿಂದವ್ನೆ ಅವ್ನು! ಹಾಲಿನ್ ಕಾಫಿ ಕುಡ್ದವ್ನೆ! ಹೇಳೋರು ಕೇಳೋರು ಯಾರೂ ಇಲ್ವಾ ಇಲ್ಲಿ?"

"ಅಯ್ಯೋ! ಯಾರು ಕೊಟ್ಟದ್ದು?" ಎಂದರು ಸಿಸ್ಟರ್.

ನನ್ನ ಕಣ್ಣು ಅವ್ವನ ಕಡೆ ಹೋಯಿತು. (ಈ ವಾಕ್ಯವನ್ನು ಹತ್ತು ಸಲ ಹೊಡೆದುಹಾಕಿದೆ. ಹತ್ತು ಸಲವೂ ಕಣ್ಣು ಅಲ್ಲಿಗೇ ಹೋಯಿತು.) ಅದರ ಹಿಂದೆ ಸಿಸ್ಟರ್ ಕಣ್ಣು, ಬೆಂಚಿನಲ್ಲಿದ್ದವರೆಲ್ಲರ ಕಣ್ಣು.

"ಏನಜ್ಜಿ, ಮಗೂನ ಸಾಯಿಸ್ತೀರಾ?"

"ಅಜ್ಜಿ ಅಲ್ಲ" ಎಂದಳು ಮುದ್ದಿ. "ಅಜ್ಜಿ ಕಾಫಿ ಕಪ್ಪು. ಅಪ್ಪನ ಕಾಫಿ ಬಿಳಿ."

ಗಲಾಟೆ ಕೇಳಿ ಹೊರಬಂದ ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಮಾತು ನಂಬೋ ಹಾಗಿಲ್ಲ, ಹುಡುಗೀಗೂ ಇವತ್ತು ಮಾಡಲ್ಲ. ಇಬ್ಬರಿಗೂ ಮುಂದಿನ ಗುರುವಾರ. ಅಜ್ಜೀನೇ ಕರ್ಕೊಂಡು ಬರ್ಲಿ."

ಅವ್ವ ಮಲ್ಲನ ಬೆರಳು ಒಂದೊಂದಾಗಿ ಬಿಡಿಸಿ ಸೆರಗು ತೆಗೆದುಕೊಂಡಳು.

"ಬೈಯ್ಲಾ ನೀನು, ಬೈಯ್ಯದು ನಿನ್ ಗುಣ. ನಾನೇ ಕಲಿಸಿದ್ದು. ನಾಕ್ ಜನದ ಮುಂದೆ ನನ್ ಕಡೆ ಕಣ್ ತೋರ್ಸ್ದಲ್ಲ, ಅದ್ಯಾರ್ಲಾ ಕಲಿಸಿದ್ರು?"

"ಅವ್ವ..."

"ತಿತಿಮತಿಗೆ ಹೋಯ್ತಿವ್ನಿ. ನಿಮ್ಮಕ್ಕನ ಮನೆಗೆ."

ಇಂದು ಬುಧವಾರ

ಅವ್ವ ಫೋನ್ ತೆಗೆಯುತ್ತಿಲ್ಲ. ಅಕ್ಕ ತೆಗೆದು, "ನೀನಾ" ಎಂದು ಇಡುತ್ತಾಳೆ. ಅಜ್ಜಿ ಬರದಿದ್ದರೆ ನಾಳೆ ಟ್ರಾಲಿ ಹತ್ತುವುದಿಲ್ಲ ಎಂದು ಮಲ್ಲ ಹೇಳಿಯಾಗಿದೆ. ಈ ಕಥೆ ಬರೆಯಲು ಕೂತದ್ದೇ ಅದಕ್ಕೆ. ಆಸ್ಪತ್ರೆಯಲ್ಲಿ ತಡೆಯಲಾಗದವಳನ್ನು ಕಾಗದದ ಮೇಲಾದರೂ ತಡೆಯೋಣ ಎಂದು.

"ಕಥೆ ಮುಗಿಯೋವರೆಗಾದ್ರೂ ಇರವ್ವ."

"ನಿನ್ ಕಥೆ ನೀನೇ ಮುಗಿಸ್ಕ."

ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು ಎಂದು ಬರೆದೆ. ತಿರುಗಲಿಲ್ಲ. ತಿತಿಮತಿ ಕಡೆಗೆ ಆ ದಿನ ಬಸ್ಸೇ ಇರಲಿಲ್ಲ ಎಂದು ಬರೆದೆ. ಆಟೋ ಹತ್ತಿದಳು. ಆಟೋದವನಿಗೆ ದಾರಿ ಗೊತ್ತಿರಲಿಲ್ಲ ಎಂದು ಬರೆದೆ.

ಅವ್ವನಿಗೆ ಗೊತ್ತಿತ್ತು.