ಗಂಟು ತಪ್ಪಿದಾಗ ಬರುವ ಧ್ವನಿ

ನನ್ನ ಗಂಡನ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದದ್ದನ್ನು ನಾನು ಕೇಳಿಲ್ಲ. ಮದುವೆಯಾದ ಹೊಸದರಲ್ಲೂ ಇಲ್ಲ, ಮಗಳು ಹುಟ್ಟಿದಾಗಲೂ ಇಲ್ಲ. ಹೊಗಳಿದರೆ ಬಾಯಿಯ ಮುತ್ತು ಉದುರಿಹೋಗುತ್ತದೆ ಎನ್ನುವಂಥ ಮನುಷ್ಯ. ಬೈಯುವುದರಲ್ಲಿ ಮಾತ್ರ ಧಾರಾಳಿ. ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರುಗಳಿಗೆ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದರು. ಇವರಿಂದ ಬೈಸಿಕೊಳ್ಳದೆ ಯಾರೂ ಸರ್ಜನ್ ಆಗಿಲ್ಲ ಎಂದು ಶಿಷ್ಯರೇ ಹೇಳಿಕೊಂಡು ನಗುತ್ತಿದ್ದರು.

ಹೋದ ವರ್ಷ ಇವರ ಗಂಟಲಲ್ಲಿ ಗಡ್ಡೆ ಬಂತು. ಜೀವ ಉಳಿಸುವುದಕ್ಕೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಕುತ್ತಿಗೆಯಲ್ಲಿರುವ ತೂತಿನಿಂದ ಉಸಿರಾಡುತ್ತಾರೆ, ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಳ್ಳುತ್ತಾರೆ. ಮೊದಮೊದಲು ತುಟಿ ಆಡಿಸಿ ಮಾತಾಡಲು ನೋಡಿದರು. ನನಗೋ ತಲೆಬುಡ ತಿಳಿಯದು. ಉಪ್ಪು ಕೇಳಿದರೆ ಟವಲ್ ತಂದುಕೊಟ್ಟೆ. ಅವರಿಗೆ ಸಿಟ್ಟು, ನನಗೆ ಅಳು. ಕೊನೆಗೆ ತುಟಿ ಮುಚ್ಚಿ, ಬರೆದು ಒರೆಸುವ ಹಲಗೆ ಹಿಡಿದರು. ನೀರು. ಫ್ಯಾನ್. ಬೇಡ. ದಿನಕ್ಕೆ ಇಷ್ಟೇ ಮಾತು. ಮಾತು ಬೆಳ್ಳಿ, ಮೌನ ಬಂಗಾರ ಎಂದರಲ್ಲ, ಹಾಗೆಂದವರನ್ನು ಹಿಡಿದು ತಂದು ನಮ್ಮ ಮನೆಯಲ್ಲಿ ಒಂದು ವಾರ ಕೂರಿಸಬೇಕು.

ಇವರ ಧ್ವನಿ ಒಂದು ಆ್ಯಪ್‌ನಲ್ಲಿ ಉಳಿದಿರುವ ಸಂಗತಿ ನನಗೆ ತಿಳಿದದ್ದು, ಇವರನ್ನು ನೋಡಲು ಬಂದ ಹಳೆಯ ಶಿಷ್ಯೆಯಿಂದ. ಗಡ್ಡೆ ಗೊತ್ತಾಗುವ ಮೊದಲೇ ಇವರು ಗಾಯಕ್ಕೆ ಹೊಲಿಗೆ ಹಾಕುವುದನ್ನು ಕಲಿಸುವ ಮೊಬೈಲ್ ಆ್ಯಪ್ ಒಂದಕ್ಕೆ ಧ್ವನಿ ಕೊಟ್ಟಿದ್ದರಂತೆ. ಮನೆಯಲ್ಲಿ ಹೇಳಿದ್ದರೆ ತಾನೆ! ಚರ್ಮದಂಥ ರಬ್ಬರ್ ತುಂಡನ್ನು ಮುಂದಿಟ್ಟುಕೊಂಡು ಹೊಲಿಯಬೇಕು, ಫೋನಿನ ಕ್ಯಾಮೆರಾ ನಮ್ಮ ಕೈಯನ್ನೇ ನೋಡುತ್ತಿರುತ್ತದೆ, ತಪ್ಪಿದಲ್ಲಿ ಪರದೆಯ ಮೇಲೆ ಇವರ ಮುಖ ಮೂಡಿ, ಇವರ ಧ್ವನಿಯಲ್ಲೇ ಬೈಯುತ್ತದೆ.

"ಎಲ್ಲಾ ಸರಿಯಾಗಿ ಬಂದ್ರೆ ಸರ್ ಹೊಗಳ್ತಾರೆ ಆಂಟಿ," ಎಂದಳು ಹುಡುಗಿ. "ಏನಂತಾರೆ ಅಂತ ಮಾತ್ರ ಕೇಳ್ಬೇಡಿ. ಅದು ಹೊಲಿದವರಿಗೆ ಮಾತ್ರ."

ನನ್ನ ಹೊಟ್ಟೆ ಉರಿಯಿತು. ಊರ ಮಕ್ಕಳಿಗೆಲ್ಲ ಹೊಗಳಿಕೆ, ಕಟ್ಟಿಕೊಂಡವಳಿಗೆ ಹಲಗೆ! ಆ ಮಾತು ನನಗೂ ಬೇಕು, ಆ ಧ್ವನಿಯಲ್ಲೇ ಬೇಕು ಎಂದು ಹಟ ಹುಟ್ಟಿತು. ಹುಡುಗಿಯಿಂದಲೇ ಆ್ಯಪ್ ಹಾಕಿಸಿಕೊಂಡೆ. ರಬ್ಬರ್ ತುಂಡು, ಬಾಗಿದ ಸೂಜಿ, ಸೂಜಿ ಹಿಡಿಯುವ ಇಕ್ಕಳ ಎಲ್ಲವನ್ನೂ ಅವಳೇ ತಂದುಕೊಟ್ಟಳು.

ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವಳು. ಅಂಗಿಗೆ ಗುಂಡಿ ಹೊಲಿಯಲು ಕೂತರೆ ಬೆರಳನ್ನೂ ಸೇರಿಸಿ ಹೊಲಿಯುವವಳು. ಮಧ್ಯಾಹ್ನ ಇವರು ಮಲಗಿದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿ ಮೊದಲ ಹೊಲಿಗೆ ಹಾಕಿದೆ.

"ಎಳೀಬೇಡಿ! ಅದು ಚರ್ಮ, ಬಾವಿ ಹಗ್ಗ ಅಲ್ಲ."

ನನ್ನ ಕೈಯಿಂದ ಸೂಜಿ ಜಾರಿತು. ಅದೇ ಧ್ವನಿ. ಕೊನೆಯಲ್ಲಿ ಸ್ವಲ್ಪ ಗೊರಗುಟ್ಟುವ, ನೆಗಡಿಯಾದಂತಿರುವ ಧ್ವನಿ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಆಮೇಲೆ ಮತ್ತೆ ಎಳೆದೆ, ಮತ್ತೆ ಬೈಸಿಕೊಂಡೆ.

"ಆತುರ ಯಾಕೆ? ಬಸ್ ಹಿಡೀಬೇಕಾ?"

"ಸೂಜಿ ತುದಿ ಹಿಡೀಬೇಡಿ, ನಡು ಹಿಡೀರಿ."

"ಎರಡನೇ ಸುತ್ತೂ ಅದೇ ದಿಕ್ಕಿಗೆ ಹಾಕಿದ್ರಿ. ಗಂಟು ಜಾರುತ್ತೆ. ಬಿಚ್ಚಿ."

ದಿನಗಳೆದಂತೆ ನನ್ನ ಕೈ ಪಳಗಿತು, ಅಲ್ಲೇ ಎಡವಟ್ಟಾಯಿತು. ತಪ್ಪು ಕಡಿಮೆಯಾದಷ್ಟೂ ಇವರು ಮಾತಾಡುವುದು ಕಡಿಮೆಯಾಯಿತು. ಒಮ್ಮೊಮ್ಮೆ ಇಡೀ ಮಧ್ಯಾಹ್ನ ಹೊಲಿದರೂ ಒಂದೇ ಬೈಗುಳ. ತಡೆಯಲಾರದೆ ಬೇಕೆಂದೇ ತಪ್ಪು ಮಾಡಿದೆ. ಯಾವ ತಪ್ಪಿಗೆ ಯಾವ ಮಾತು ಎಂಬುದು ಮಗ್ಗಿಯ ಹಾಗೆ ಬಾಯಿಪಾಠವಾಯಿತು. ಹೊಗಳಿಕೆಯೂ ಬೇಕು, ಬೈಗುಳವೂ ಬೇಕು. ನನ್ನಂಥ ಆಸೆಬುರುಕಿ ಇನ್ನೊಬ್ಬಳಿಲ್ಲ.

ಕೊನೆಗೊಂದು ದಿನ ಮನಸ್ಸು ಗಟ್ಟಿ ಮಾಡಿ ಸರಿಯಾಗಿ ಹೊಲಿದೆ. ಕೊನೆಯ ಗಂಟು ಕೂತಿತು.

"ಶಭಾಷ್. ಈ ಕೈಗೆ ನನ್ನನ್ನೇ ಒಪ್ಪಿಸಬಹುದು."

ಮೈ ಜುಮ್ಮೆಂದಿತು. ಮರುಗಳಿಗೆಯೇ ಪರದೆಯ ಮೇಲೆ 'ಮುಂದಿನ ವಿದ್ಯಾರ್ಥಿ' ಎಂಬ ಗುಂಡಿ ಮೂಡಿತು. ಇದು ನನಗೆ ಹೇಳಿದ್ದಲ್ಲ, ಯಾರಿಗೋ ಹೇಳಿಟ್ಟದ್ದು, ನಾನು ಎತ್ತಿಕೊಂಡೆ ಅಷ್ಟೇ. ಇಷ್ಟು ದಿನ ಕಾದದ್ದು ಇದಕ್ಕಾ ಎಂದು ಎದೆ ಭಾರವಾಯಿತು.

ತಲೆಯೆತ್ತಿದರೆ ಬಾಗಿಲು ತೆರೆದಿದೆ. ಇವರು ನಿಂತಿದ್ದಾರೆ, ಕೈ ಕುತ್ತಿಗೆಯ ಬಟ್ಟೆಯ ಮೇಲಿದೆ. ಕಳೆದುಹೋದ ತಮ್ಮ ಧ್ವನಿಯನ್ನು ಅವರೂ ಕೇಳಿದ್ದರು.

"ನಿಮ್ಮ ಧ್ವನಿ ಬೇಕು ಅನ್ನಿಸ್ತು ರೀ," ಎಂದೆ. "ಬಯ್ಯೋದಾದ್ರೂ ಸರಿ, ಕೇಳ್ಬೇಕು ಅನ್ನಿಸ್ತು."

ಅವರು ಬಂದು ನನ್ನೆದುರು ಕೂತರು. ಫೋನನ್ನು ಮಗುಚಿಟ್ಟರು. ಕನ್ನಡಕ ಸರಿಮಾಡಿಕೊಂಡು, ಇಕ್ಕಳದ ತುದಿಯಿಂದ ನನ್ನ ಗಂಟನ್ನು ಮೆಲ್ಲಗೆ ಎತ್ತಿದರು. ಗಂಟು ಸರ್ರನೆ ಜಾರಿತು. ಆ್ಯಪ್ ಮೋಸ ಹೋಗಿತ್ತು, ಇವರು ಹೋಗಲಿಲ್ಲ. ಹಲಗೆ ಪಡಸಾಲೆಯಲ್ಲಿತ್ತು. ರೇಗಿದ ಭರದಲ್ಲಿ ಅದನ್ನು ಮರೆತು ತುಟಿ ಆಡಿಸಿದರು.

"ಎರಡನೇ ಸುತ್ತೂ ಅದೇ ದಿಕ್ಕಿಗೆ ಹಾಕ್ದೆ. ಗಂಟು ಜಾರುತ್ತೆ. ಬಿಚ್ಚು," ಎಂದು ನಾನೇ ಓದಿ ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ಬೇರೇನೋ ಹೇಳಿದರು.

"ಸೂಜಿ ನಡು ಹಿಡಿ," ಎಂದೆ.

ಇನ್ನೊಂದು ಹೇಳಿದರು. ಅದೂ ತಿಳಿಯಿತು. ಇಷ್ಟು ದಿನ ಬೈಸಿಕೊಂಡದ್ದರಲ್ಲಿ ಯಾವ ಮಾತಿಗೆ ಈ ತುಟಿ ಹೇಗೆ ತಿರುಗುತ್ತದೆ ಎಂಬುದು ಪರದೆ ನೋಡಿ ನೋಡಿ ನನಗೇ ಅರಿವಿಲ್ಲದೆ ಕಣ್ಣಿಗೆ ಪಳಗಿತ್ತು. ಅವರ ಕಣ್ಣು ತುಂಬಿತು. ನನ್ನ ಬೆರಳುಗಳನ್ನು ತಮ್ಮ ಬೆರಳುಗಳಲ್ಲಿ ಹಿಡಿದು, ದಾರವನ್ನು ಸರಿಯಾದ ದಿಕ್ಕಿಗೆ ಸುತ್ತಿಸಿ ಗಂಟು ಕೂರಿಸಿದರು. ಆಮೇಲೆ ನಿಧಾನವಾಗಿ, ಆ್ಯಪ್‌ನಲ್ಲಿ ಎಲ್ಲೂ ಇಲ್ಲದ ಮಾತೊಂದನ್ನು ತುಟಿಯಲ್ಲೇ ಹೇಳಿದರು. ಚೆನ್ನಾಗಿ ಹೊಲಿದಿದೀಯ ಕಣೇ.

ಧ್ವನಿ ಇರಲಿಲ್ಲ. ಆ ಧ್ವನಿಗಾಗಿ ನನ್ನ ಕಿವಿ ಈಗಲೂ ಹಂಬಲಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಮಾತು ಮೊದಲ ಸಲಕ್ಕೇ ಪೂರ್ತಿ ತಿಳಿದಿತ್ತು.

"ಗೊತ್ತಾಗ್ಲಿಲ್ಲ ರೀ," ಎಂದೆ. "ಇನ್ನೊಂದ್ಸಲ ಹೇಳಿ."