ಬೆಲ್ಲ ಹಾಕಿದ ಕಷಾಯ

ಬಾಟಲಿಗಳನ್ನು ಹಿತ್ತಲ ಕಲ್ಲಿನ ಮೇಲೆ ಸಾಲಾಗಿ ಇಟ್ಟುಕೊಂಡು ತೊಳೆಯುತ್ತಿದ್ದೆ. ಮೊದಲು ಬೂದಿ ನೀರು, ಆಮೇಲೆ ಬಾವಿ ನೀರು, ಕೊನೆಗೆ ಕುದಿಸಿ ಆರಿಸಿದ ನೀರು. ಆ ದಿನ ಹಳ್ಳಿಯಿಂದ ಮೂವತ್ತೆರಡು ಬಾಟಲಿ ವಾಪಸು ಬಂದಿದ್ದವು. ಒಳಗೆ ಕಾಂಪೌಂಡರ್ ನಿಂಗಯ್ಯ ತಕ್ಕಡಿ ಒರೆಸುತ್ತಿದ್ದರು. ಮರಿಸಿದ್ದಯ್ಯನವರು ಮೇಜಿನ ಮುಂದೆ ಕೂತು ಬರೆಯುತ್ತಿದ್ದರು.

ಮೊದಲನೆಯ ಬಾಟಲಿಯ ತಳದ ಕೊಳೆ ಬಿಡಲಿಲ್ಲ. ತೆಂಗಿನ ನಾರು ತೂರಿಸಿ ತಿಕ್ಕಿದೆ. ಕಂದು ಬಣ್ಣದ ಗಸಿ ಗೋಂದಿನ ಹಾಗೆ ಹತ್ತಿಕೊಂಡಿತ್ತು. ಎರಡನೆಯದರಲ್ಲೂ ಹಾಗೇ. ಉಳಿದವುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎಲ್ಲದರ ತಳದಲ್ಲೂ ಒಂದು ಬೆರಳು ಗಸಿ. ಹಣೆಯ ಮೇಲೆ ಬಿದ್ದ ಕೂದಲು ಸರಿಸುವಾಗ ಒದ್ದೆ ಮುಂಗೈ ತುಟಿಗೆ ತಾಗಿತು. ನಾಲಿಗೆಯಿಂದ ಕಿವಿಯ ತನಕ ಕಹಿ ಏರಿತು.

ಇದು ೧೯೪೩ರ ಮಾತು. ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಕಬ್ಬೂ ಬಂತು, ಚಳಿಜ್ವರವೂ ಬಂತು. ನನ್ನ ತಾಯಿಗೆ, ಅಮ್ಮಿಗೆ, ಜ್ವರ ಹಿಡಿದಾಗ ನಾನು ನಾಲ್ಕನೇ ಕ್ಲಾಸು. ಮನೆಯಲ್ಲಿ ಒಲೆ ಹಚ್ಚುವವರು ಬೇಕಾಗಿ ಸ್ಕೂಲು ಬಿಟ್ಟೆ. ಯುದ್ಧ ಶುರುವಾಗಿ ಜಾವಾ ದೇಶ ಜಪಾನಿನವರ ಕೈಗೆ ಹೋದ ಮೇಲೆ ಅಲ್ಲಿಂದ ಈ ಜ್ವರದ ಔಷಧಿ ಕ್ವಿನೈನ್ ಬರುವುದೇ ನಿಂತಿತು. ಅಲ್ಪಸ್ವಲ್ಪ ಬಂದದ್ದೂ ಸೈನ್ಯಕ್ಕೆ ಹೋಗುತ್ತಿತ್ತು. ಅಮ್ಮಿ ದಿನ ಬಿಟ್ಟು ದಿನ ಮಧ್ಯಾಹ್ನ ನಡುಗುತ್ತಿದ್ದಳು, ನಾನು ಮೂರು ಕಂಬಳಿ ಹೊದಿಸಿ ಮೇಲೆ ಮಲಗಿ ಅದುಮಿಕೊಳ್ಳುತ್ತಿದ್ದೆ.

ಆ ವರ್ಷವೇ ಮರಿಸಿದ್ದಯ್ಯನವರು ಮದ್ದೂರಿಗೆ ಬಂದು ಸ್ಟೇಷನ್ನಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದರು. ರಸಾಯನಶಾಸ್ತ್ರ ಓದಿದವರು. ಮಳವಳ್ಳಿ ಕಡೆಯ, ಕಬ್ಬು ಅರೆಯುವ ಮನೆತನದವರು. ಮುತ್ತತ್ತಿ ಕಾಡಿನಿಂದ ಹಾಲೆಮರದ ತೊಗಟೆ ತರಿಸಿ, ಕುಟ್ಟಿ, ಕಷಾಯ ಇಳಿಸಿ, ಅದರಿಂದ ಚಳಿಜ್ವರ ಹೋಗುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ಅವರು ಸೈಕಲ್ ರಿಪೇರಿಗೆ ನನ್ನ ತಂದೆ ಹುಸೇನ್ ಸಾಬರ ಅಂಗಡಿಗೆ ಬಂದಾಗ, ಗಾಜು ಒಡೆಯದೆ ತೊಳೆಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರಂತೆ. ಹಾಗೆ ನಾನು ಬಂದೆ. ಬಂದು ಹತ್ತು ತಿಂಗಳಾಗಿದ್ದರೂ ಅವರೊಂದಿಗೆ ನಾನು ಆಡಿದ್ದ ಮಾತು 'ಹೂಂ ಸಾರ್' ಒಂದೇ.

ಮೊದಲು ಎಂಟು ಜನಕ್ಕೆ ಕೊಟ್ಟರು. ಆಗ ಕಷಾಯಕ್ಕೆ ಮಂಡ್ಯದ ಸಕ್ಕರೆ ಹಾಕುತ್ತಿದ್ದರು. ಬಾಯಿಗಿಟ್ಟರೆ ಮಕ್ಕಳು ಉಗಿಯುತ್ತಿದ್ದವು, ಅಷ್ಟು ಕಹಿ. ಆದರೂ ಎಂಟರಲ್ಲಿ ಐವರ ರಕ್ತದಲ್ಲಿ ಜ್ವರದ ಹುಳು ಕಡಿಮೆಯಾಗಿದ್ದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಎಂಟು ಜನ ಸಾಲದು, ಇನ್ನೂ ಬೇಕು ಎಂದರು. ಅಷ್ಟರಲ್ಲಿ ಸಕ್ಕರೆ ರೇಷನ್ನಿಗೆ ಹೋಯಿತು. ಸಕ್ಕರೆ ಕಾರ್ಖಾನೆಯಿರುವ ಸೀಮೆಯಲ್ಲೂ ಸಕ್ಕರೆ ಇಲ್ಲ. ಬೆಲ್ಲ ಹಾಕಿದರು. ಕಹಿ ಮಾಯವಾಯಿತು. ಆತಗೂರಿನ ಆಚೆಯ ಹಳ್ಳಿಯೊಂದರಲ್ಲಿ ಮೂವತ್ತೆರಡು ಜನ ಹದಿನಾಲ್ಕು ದಿನ ಗೊಣಗದೆ ಕುಡಿದರು. ಒಬ್ಬರ ಜ್ವರವೂ ಇಳಿಯಲಿಲ್ಲ.

ಮರಿಸಿದ್ದಯ್ಯನವರು ಅಂದು ಬರೆಯುತ್ತಿದ್ದದ್ದು ತಮ್ಮನ್ನು ಈ ಕೆಲಸಕ್ಕೆ ಕಳಿಸಿದ್ದ ಬೆಂಗಳೂರಿನ ಕಚೇರಿಗೆ ಕಾಗದ. ಈ ತೊಗಟೆಯಲ್ಲಿ ಗುಣವಿಲ್ಲ, ಕೆಲಸ ನಿಲ್ಲಿಸುತ್ತೇನೆ ಎಂದು. ಬೆಳಿಗ್ಗೆ ನಿಂಗಯ್ಯನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಸಂಜೆಯ ರೈಲಿಗೆ ಟಪಾಲು ಹೋಗುತ್ತಿತ್ತು.

ನಾನು ಒಂದು ಬಾಟಲಿಯನ್ನು ತೊಳೆಯದೆ ಪಕ್ಕಕ್ಕಿಟ್ಟೆ. ಬೇಲಿಯ ಗಿಡದಿಂದ ನಿಂಬೆಹಣ್ಣು ಕಿತ್ತು ಅದರೊಳಗೆ ಹಿಂಡಿದೆ. ಹುಳಿ ಹಾಕಿ ತಾಮ್ರದ ತಳ ತಿಕ್ಕುವುದು ಗೊತ್ತಲ್ಲ, ಅದೇ ಯೋಚನೆಯಿಂದ. ತಿಕ್ಕುವುದೇ ಬೇಕಾಗಲಿಲ್ಲ. ಗಸಿ ನೋಡನೋಡುತ್ತ ಕರಗಿತು. ಆ ನೀರನ್ನು ನಾಲಿಗೆಗೆ ಮುಟ್ಟಿಸಿಕೊಂಡೆ. ಮಕ್ಕಳು ಉಗಿಯುತ್ತಿದ್ದ, ನಾನೂ ಒಮ್ಮೆ ನೆಕ್ಕಿ ನೋಡಿದ್ದ ಮೊದಲ ಕಷಾಯದ ಕಹಿಯೇ.

ನಿಂಗಯ್ಯ ಬಾಗಿಲಿಗೆ ಬಂದು ನಿಂತಿದ್ದರು. "ಬಾಟ್ಲಿ ತೊಳ್ಯವ್ವ ಅಂದ್ರೆ ನೆಕ್ತಾ ಕೂತಿದ್ದೀಯಲ್ಲ. ನಿಮ್ಮಪ್ಪ ಮನೇಲಿ ಊಟ ಆಕಾಕಿಲ್ವಾ?"

ಅವರ ಪಕ್ಕದಿಂದ ಹಾದು ಒಳಗೆ ಹೋದೆ. ಕೈಯಲ್ಲಿ ಎರಡು ಬಾಟಲಿ, ಒಂದು ನಿಂಬೆ ಹಿಂಡಿದ್ದು, ಒಂದು ಹಾಗೇ ಇದ್ದದ್ದು. ಮೇಜಿನ ಮುಂದೆ ನಿಂತೆ. ಮರಿಸಿದ್ದಯ್ಯನವರು ಪೆನ್ನು ಎತ್ತಿ ನೋಡಿದರು.

"ಏನು ಮಹಮೂದಾ, ಒಡೀತಾ?"

"ಇಲ್ಲ ಸಾರ್. ಔಷ್ದಿ ಯಾರ ಒಟ್ಟೇಗೂ ಓಗಿಲ್ಲ ಸಾರ್. ಎಲ್ಲಾ ತಳ್ದಲ್ಲೇ ಐತೆ."

ನಿಂಗಯ್ಯ ನಕ್ಕರು. "ಕೇಳಿ ಸಾರ್, ಡಾಕ್ಟ್ರಮ್ಮ ಬಂದ್ರು."

"ಸುಮ್ನಿರಯ್ಯ," ಎಂದು ಮರಿಸಿದ್ದಯ್ಯನವರು ಬಾಟಲಿಗೆ ಕೈ ಚಾಚಿದರು.

ಅವರ ಹತ್ತಿರ ಪಾದರಸ ಸೇರಿಸಿ ಮಾಡಿದ ಒಂದು ತಿಳಿ ದ್ರಾವಣವಿತ್ತು. ತೊಗಟೆಯ ಸತ್ವ ಇರುವ ನೀರಿಗೆ ಅದರ ಎರಡು ಹನಿ ಬಿಟ್ಟರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸತ್ವ ಇಲ್ಲದಿದ್ದರೆ ತಿಳಿಯಾಗಿಯೇ ಇರುತ್ತದೆ. ಇದನ್ನು ನಾನು ಹಿತ್ತಲಿನ ಬಾಗಿಲಿನಿಂದ ಎಷ್ಟೋ ಸಲ ನೋಡಿದ್ದೆ. ಅವರು ಬೀರುವಿನಿಂದ ಹಂಚದೆ ಉಳಿದಿದ್ದ ಬೆಲ್ಲದ ಕಷಾಯ ತೆಗೆದು, ಅಲ್ಲಾಡಿಸದೆ, ಮೇಲಿನ ತಿಳಿಯನ್ನು ಗಾಜಿನ ನಳಿಗೆಗೆ ಬಗ್ಗಿಸಿದರು. ಎರಡು ಹನಿ. ಏನೂ ಆಗಲಿಲ್ಲ. ನಾನು ನಿಂಬೆ ಹಿಂಡಿದ ನೀರಿಗೆ ಎರಡು ಹನಿ. ಬೆಳ್ಳಗಾಯಿತು. ನಿಂಬೆಯ ಮೇಲೆ ನಂಬಿಕೆ ಸಾಲದೆ ಮತ್ತೊಂದು ಬಾಟಲಿಯ ಗಸಿಗೆ ತಮ್ಮ ಆಸಿಡ್ ಹಾಕಿ ನೋಡಿದರು. ಅದೂ ಬೆಳ್ಳಗಾಯಿತು.

ನಿಂಗಯ್ಯ ಹತ್ತಿರ ಬಂದು ಬಗ್ಗಿದರು. "ಸಕ್ರೆ ಆಕ್ದಾಗ ಇಂಗಾಗಿರ್ನಿಲ್ವಲ್ಲ ಸಾರ್. ಬೆಲ್ಲಕ್ಕೇನ್ ಬಂತು ರೋಗ?"

ಮರಿಸಿದ್ದಯ್ಯನವರು ಕೂತುಬಿಟ್ಟರು. "ಸುಣ್ಣ ಕಣಯ್ಯ."

ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ತೆಗೆಯಲು, ಬಣ್ಣ ಹಳದಿಗೆ ಬರಲು ಸುಣ್ಣದ ನೀರು ಬಿಡುತ್ತಾರೆ. ನಮ್ಮ ಸೀಮೆಯಲ್ಲಿ ಇದು ಗೊತ್ತಿಲ್ಲದವರು ಯಾರು? ಗೊತ್ತಿದ್ದದ್ದಕ್ಕೇ ಅದರ ಮೇಲೆ ಯಾರಿಗೂ ಗಮನ ಹೋಗಿರಲಿಲ್ಲ. ಆ ಸುಣ್ಣ ಕಷಾಯದ ಸತ್ವವನ್ನೆಲ್ಲ ತಳಕ್ಕೆ ಇಳಿಸಿತ್ತು. ಹಳ್ಳಿಯ ಜನ ಯಾವ ಕಷಾಯವನ್ನಾದರೂ ಕುಡಿಯುವ ಹಾಗೆ ತಿಳಿ ಕುಡಿದು ಗಸಿ ಬಿಟ್ಟಿದ್ದರು.

"ನಮ್ಮಪ್ಪನ ಆಲೆಮನೇಲಿ ಸುಣ್ಣ ಕಲಸ್ತಿದ್ದೋನೇ ನಾನು," ಎಂದರು ಮರಿಸಿದ್ದಯ್ಯನವರು. "ಕಹಿ ಹೋಯ್ತು ಅಂತ ಕುಣಿದಾಡಿದ್ನಲ್ಲ. ಕಹಿ ಎಲ್ಲಿಗೆ ಹೋಯ್ತು ಅಂತ ಕೇಳ್ಲಿಲ್ಲ."

ಬರೆದ ಕಾಗದವನ್ನು ಮಡಿಸಿ ಮೇಜಿನ ಖಾನೆಯೊಳಗೆ ಹಾಕಿದರು. ತಿಂಗಳ ಕೊನೆಗೆ ಬೆಂಗಳೂರಿನವರಿಗೆ ಏನಾದರೂ ಹೇಳಲೇಬೇಕಿತ್ತು. ಹದಿನೇಳು ದಿನ ಉಳಿದಿತ್ತು. ಹದಿನಾಲ್ಕು ದಿನ ಕುಡಿಸಬೇಕು. ಕುಡಿಯುವವರು ಬೇಕು.

ಮರುದಿನ ಬೆಳಿಗ್ಗೆ, ಪೆಟ್ರೋಲಿಲ್ಲದೆ ಇದ್ದಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹೊರಟೆವು. ನನ್ನನ್ನೂ ಕರೆದರು. ದಾರಿಯಲ್ಲಿ ಎರಡು ಸಲ ಬಸ್ಸು ನಿಂತಿತು, ನಿಂಗಯ್ಯ ಇಳಿದು ತಳ್ಳಿದರು. ಹಳ್ಳಿಯಲ್ಲಿ ಬೆಟ್ಟಮ್ಮನ ಜಗಲಿಗೆ ಹೋದೆವು. ಬಾಟಲಿ ಹಂಚುತ್ತಿದ್ದದ್ದು ಅಲ್ಲೇ. ಬೆಟ್ಟಮ್ಮ ವಯಸ್ಸಾದ ಹೆಂಗಸು, ಊರಿನ ಹೆಂಗಸರು ಅವಳು ಹೇಳಿದ ಹಾಗೆ ಕೇಳುತ್ತಿದ್ದರು. ಹದಿನೈದಿಪ್ಪತ್ತು ಜನ ಸೇರಿದರು. ಇಬ್ಬರು ಕಂಬಳಿ ಹೊದ್ದು ಬಿಸಿಲಿನಲ್ಲಿ ಕೂತಿದ್ದರು.

ಮರಿಸಿದ್ದಯ್ಯನವರು ನಡೆದದ್ದನ್ನೆಲ್ಲ ಹೇಳಿದರು. ಸುಣ್ಣ ಎಂದಾಗ ಯಾರೋ ನಕ್ಕರು.

ಬೆಟ್ಟಮ್ಮ ಎಲೆ ಅಗಿಯುವುದನ್ನು ನಿಲ್ಲಿಸಲಿಲ್ಲ. "ಅಲ್ಲ ಕಣಪ್ಪ, ಓದ್ದೋನು ನೀನು. ನಮ್ ಬೆಲ್ದಾಗೆ ಸುಣ್ಣ ಐತೆ ಅಂತ ನಮ್ಮನ್ ಕೇಳಿದ್ರೆ ಏಳ್ತಿರ್ನಿಲ್ವಾ?"

"ಕೇಳಬೇಕಿತ್ತು ಬೆಟ್ಟಮ್ಮ."

"ಓಗ್ಲಿ ಬುಡು. ಈಗ ಕೊಡೋದ್ರಾಗೆ ಜರ ಓಯ್ತದಾ?"

ನಿಂಗಯ್ಯ ಪಕ್ಕದಿಂದ ಪಿಸುಗುಟ್ಟಿದರು, "ಊಂ ಅನ್ನಿ ಸಾರ್. ಊಂ ಅಂದ್ಬುಡಿ."

ಮರಿಸಿದ್ದಯ್ಯನವರು ಹೂಂ ಅನ್ನಲಿಲ್ಲ. ನೆಲ ನೋಡಿದರು. ಹಿಂದಿನ ಸಲ ಇದೇ ಜಗಲಿಯಲ್ಲಿ ಜ್ವರ ಹೋಗುತ್ತದೆ ಎಂದಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ನೆನಪಿತ್ತು. ಹಿಂದೆ ಕೂತಿದ್ದವರು ಒಬ್ಬೊಬ್ಬರೇ ಎದ್ದು ಹೋಗತೊಡಗಿದರು. ಕಬ್ಬಿಗೆ ನೀರು ಕಟ್ಟಬೇಕು ಎಂದು ಒಬ್ಬ, ದನ ಬಿಡಬೇಕು ಎಂದು ಇನ್ನೊಬ್ಬ.

ಅವರು ಹೋದರೆ ಕಾಗದ ಖಾನೆಯಿಂದ ಹೊರಗೆ ಬರುತ್ತದೆ. ತೊಗಟೆಯಲ್ಲಿ ಗುಣವಿದೆಯೋ ಇಲ್ಲವೋ ತಿಳಿಯದೆಯೇ, ಇಲ್ಲ ಎಂದು ಬೆಂಗಳೂರಿನಲ್ಲಿ ಬರೆದಿಡುತ್ತಾರೆ. ಮತ್ತೆ ಯಾರೂ ನೋಡುವುದಿಲ್ಲ. ಅಮ್ಮಿಗೆ ಅಂದು ನಡುಗುವ ದಿನ. ಕಂಬಳಿ ಹೊದಿಸಲು ತಂಗಿ ಶಕೀಲಾಳಿಗೆ ಹೇಳಿ ಬಂದಿದ್ದೆ.

ನಾನು ಕಂಬದ ಮರೆಯಿಂದ ಈಚೆಗೆ ಬಂದೆ. ತಲೆಯಿಂದ ಜಾರಿದ್ದ ಸೆರಗನ್ನು ಎಳೆದುಕೊಂಡೆ.

"ಜರ ಓಯ್ತದೋ ಇಲ್ವೋ ನಮ್ಗೂ ಗೊತ್ತಿಲ್ಲ," ಎಂದೆ.

"ಇದ್ಯಾರ್ಲಾ ಈ ಸಾಬರುಡ್ಗಿ?" ಎಂದು ಬೆಟ್ಟಮ್ಮ ನಿಂಗಯ್ಯನನ್ನು ಕೇಳಿದಳು.

"ಬಾಟ್ಲಿ ತೊಳ್ಯೋಳು ಕಣಮ್ಮ. ತಪ್ಪು ಕಂಡಿಡ್ದೋಳೂ ಇವ್ಳೇಯ." ನಿಂಗಯ್ಯ ಈ ಸಲ ನಗಲಿಲ್ಲ.

"ನಮ್ಮಮ್ಮಂಗೂ ಇದೇ ಜರ, ಐದ್ ವರ್ಸದಿಂದ," ಎಂದೆ. "ಅವ್ಳೂ ಇವತ್ತಿಂದ ಕುಡೀತಾಳೆ. ಆದ್ರೆ ಒಬ್ಳು ಕುಡುದ್ರೆ ಏನೂ ಗೊತ್ತಾಗಾಕಿಲ್ಲ. ಇಷ್ಟ್ ದಿನ ನೀವ್ ಕುಡ್ದಿದ್ದು ಬೆಲ್ದ ನೀರು. ಈ ಔಷ್ದೀನ ಇನ್ನೂ ಯಾರೂ ಸರ್ಯಾಗಿ ಕುಡ್ದು ನೋಡೇ ಇಲ್ಲ."

"ಕುಡ್ಯಾಕ್ ಕಯ್ಯಿ ಇರ್ತದಾ?" ಎಂದಳು ಕಂಬಳಿ ಹೊದ್ದಿದ್ದ ಹೆಂಗಸು. ಅವಳ ಹೆಸರು ಚಿಕ್ಕಬೋರಮ್ಮ ಎಂದು ಆಮೇಲೆ ತಿಳಿಯಿತು.

"ಇರ್ತದೆ. ತುಂಬಾ ಕಯ್ಯಿ. ಬೆಲ್ಲ ಆಕಂಗಿಲ್ಲ, ಕುಡ್ದ ಮೇಲೂ ಒಂದೊತ್ತು ಬೆಲ್ಲ ತಿನ್ನಂಗಿಲ್ಲ."

"ಕಯ್ಯೀನೂ ಇರ್ತದೆ, ಜರ ಓಯ್ತದೆ ಅಂತ್ಲೂ ಇಲ್ಲ," ಎಂದಳು ಬೆಟ್ಟಮ್ಮ. "ಚೆಂದಾಗ್ ಯಾಪಾರ ಮಾಡ್ತೀಯ ಕಣವ್ವ ನೀನು."

ಒಂದಿಬ್ಬರು ನಕ್ಕರು. ಹೋಗಲು ಎದ್ದಿದ್ದವರು ನಿಂತರು, ಆದರೆ ಕೂರಲಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅಷ್ಟು ಜನರನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಅದ್ನಾಕು ದಿನ," ಎಂದೆ. "ದಿನಾ ಬೆಳಿಗ್ಗೆ ನಾನೇ ಬಂದು ಕೊಡ್ತೀನಿ. ಕುಡೀರಿ."